ಪೆಟ್ರೋಲ್ ಸ್ವಿಫ್ಟ್ 83 ಪಿಎಸ್ (ಹಾರ್ಸ್‌ಪವರ್), ಡೀಸೆಲ್ 75 ಪಿಎಸ್. ಮತ್ತೆ ಏರಿನಲ್ಲಿ ಡೀಸೆಲ್ ಮುಂದೆ ಹೋಗುವುದು ಹೇಗೆ?

ಏರುದಾರಿ, ಮುಳ್ಳೇರಿಯ

ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೇನೆ. ಎರಡು ಸ್ವಿಫ್ಟ್ ನೋಡಿ ಇಟ್ಟಿದ್ದೇನೆ, ಎರಡೂ 2019ರವು. ಒಂದು ಪೆಟ್ರೋಲ್, ಇಲ್ಲಿಯದ್ದೇ, ಕಾಸರಗೋಡಿನ ಕೆಎಲ್ 14 ನಂಬರ್. ಇನ್ನೊಂದು ಡೀಸೆಲ್, ಮಂಗಳೂರಿನ ಗಾಡಿ. ಅದಕ್ಕೆ ಎನ್‌ಒಸಿ (ಅಲ್ಲಿನ ಆರ್‌ಟಿಒದ ಒಪ್ಪಿಗೆ ಪತ್ರ), ಕೇರಳದ ಟ್ಯಾಕ್ಸ್ ಅಂತ ಬೇರೆ ಓಡಾಟ ಉಂಟು, ಅದು ಇರಲಿ.

ದಿನಾ ಬೋವಿಕ್ಕಾನ, ಚೆರ್ಕಳ ದಾರಿಯಾಗಿ ಕಾಸರಗೋಡಿಗೆ ಕೆಲಸಕ್ಕೆ ಹೋಗಿ ಬರಬೇಕು. ಆಗಾಗ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ, ಅಕ್ಕನ ಮನೆಗೆ. ಎಲ್ಲಕ್ಕಿಂತ ದೊಡ್ಡ ತಲೆನೋವು ನಮ್ಮ ಮನೆಯ ದಾರಿ. ತೋಟದ ಪಕ್ಕದಿಂದ ಗುಡ್ಡೆಗೆ ಹತ್ತುವ ಕಾಂಕ್ರೀಟ್ ಏರು. ಒಂದು ಕಡೆ ದರೆ (ಗುಡ್ಡೆ ಕಡಿದ ಮಣ್ಣಿನ ಗೋಡೆ), ಇನ್ನೊಂದು ಕಡೆ ಅಡಿಕೆ ಮರಗಳ ತಲೆ ಕಾಣ್ತದೆ. ಅಷ್ಟು ಕಡಿದು.

ಭಾವ ಹೇಳುವುದು: "ಡೀಸೆಲ್ ತಗೋ, 190 ಟಾರ್ಕ್ ಉಂಟು. ಪೆಟ್ರೋಲಿನಲ್ಲಿ ಬರೇ 113." ಬ್ರೋಕರ್ ಹೇಳುವುದು: "ಪೆಟ್ರೋಲಿಗೆ 83 ಹಾರ್ಸ್‌ಪವರ್, ಡೀಸೆಲಿಗೆ 75. ಪವರ್ ಜಾಸ್ತಿ ಇದ್ದದ್ದು ಯಾವುದು ನೀವೇ ನೋಡಿ." ಇಬ್ಬರೂ ಹೇಳುವ ನಂಬರ್ ಸರಿಯೇ, ಕಂಪೆನಿಯ ಪುಸ್ತಕದಲ್ಲಿ ನೋಡಿದೆ. ಹಾಗಾದರೆ ಏರು ಎಳೆಯುವುದು ಯಾವುದು? ಪವರ್ ಸ್ಪೀಡಿಗೆ, ಟಾರ್ಕ್ ಎಳೆಯಲಿಕ್ಕೆ ಅಂತ ಎಲ್ಲರೂ ಹೇಳ್ತಾರೆ. ಆದರೆ ಇರುವುದು ಒಂದೇ ಇಂಜಿನ್ ಅಲ್ವಾ? ಅದರೊಳಗೆ ಎರಡು ಶಕ್ತಿ ಎಲ್ಲಿಂದ ಬಂತು?

ಸ್ಪ್ಯಾನರ್ 14, ಚೆರ್ಕಳ

ಅಕ್ಕಾ, ನಿಮ್ಮ ಕೊನೆಯ ಪ್ರಶ್ನೆ ಸರಿಯಾಗಿ ಉಂಟು. ಎರಡು ಶಕ್ತಿ ಇಲ್ಲ. ನಾನು ಗ್ಯಾರೇಜ್ ನಡೆಸುವವ. "ಟಾರ್ಕ್ ಎಷ್ಟು" ಅಂತ ಕೇಳಿಕೊಂಡು ಬರುವವರಿಗೆ ಇದನ್ನೇ ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇಲ್ಲಿ ಬರೆದು ಹಾಕುತ್ತೇನೆ, ಮುಂದೆ ಲಿಂಕ್ ಕಳಿಸಿದರೆ ಆಯಿತು.

ತುಕ್ಕು ಹಿಡಿದ ವೀಲ್ ನಟ್ ಬಿಚ್ಚುವಾಗ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಒತ್ತುತ್ತೇವಲ್ಲ, ಆ ತಿರುಚುವ ಬಲವೇ ಟಾರ್ಕ್. ಒಂದು ಮೀಟರ್ ಉದ್ದದ ಪೈಪಿನ ತುದಿಯಲ್ಲಿ 20 ಕಿಲೋದಷ್ಟು ಒತ್ತಿದರೆ ಸುಮಾರು 196 ನ್ಯೂಟನ್ ಮೀಟರ್. ಪುಸ್ತಕದ 190, 113 ಕೂಡ ಇದೇ ಅಳತೆಯಲ್ಲಿ. ನಿಮ್ಮ ಭಾವ ಹೊಗಳುವ ಡೀಸೆಲ್ ಇಂಜಿನ್ನಿಗಿಂತ ನನ್ನ ಹುಡುಗನ ಟಾರ್ಕೇ ಜಾಸ್ತಿ ಆಯಿತು! ಆದರೆ ನಟ್ ಅಲ್ಲಾಡದಿದ್ದರೆ ಕೆಲಸ ಸೊನ್ನೆ. ಆ ಬಲದಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿಸುತ್ತೀರಿ ಅನ್ನುವುದೂ ಸೇರಿದರೆ ಅದು ಪವರ್. ಹುಡುಗನಿಗೆ ನಿಮಿಷಕ್ಕೆ 2,000 ಸುತ್ತು ತಿರುಗಿಸಲಿಕ್ಕೆ ಆಗುವುದಿಲ್ಲ, ಇಂಜಿನ್ನಿಗೆ ಆಗ್ತದೆ.

ಲೆಕ್ಕ ಸುಲಭ. ಟಾರ್ಕನ್ನು ಆರ್‌ಪಿಎಂನಿಂದ, ಅಂದರೆ ನಿಮಿಷಕ್ಕೆ ತಿರುಗುವ ಸುತ್ತಿನಿಂದ, ಗುಣಿಸಿ 7,000ದಿಂದ ಭಾಗಿಸಿ, ಪಿಎಸ್ ಸಿಗುತ್ತದೆ. ಸರಿಯಾದ ಸಂಖ್ಯೆ 7,024ರ ಹತ್ತಿರ. ನಮಗೆ 7,000 ಸಾಕು.

ಈಗ ನಿಮ್ಮ ಎರಡು ಗಾಡಿ ನೋಡುವ. ಪುಸ್ತಕದಲ್ಲಿ ನಂಬರಿನ ಪಕ್ಕದಲ್ಲಿ ಇನ್ನೊಂದು ನಂಬರ್ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಪೆಟ್ರೋಲ್: 83 ಪಿಎಸ್, 6,000 ಆರ್‌ಪಿಎಂನಲ್ಲಿ. 113 ಟಾರ್ಕ್, 4,200ರಲ್ಲಿ. ಡೀಸೆಲ್: 75 ಪಿಎಸ್, 4,000ದಲ್ಲಿ. 190 ಟಾರ್ಕ್, 2,000ದಲ್ಲಿ.

2,000 ಆರ್‌ಪಿಎಂನಲ್ಲಿ ಡೀಸೆಲ್ ಎಷ್ಟು ಪವರ್ ಕೊಡುತ್ತದೆ? 190 ಗುಣಿಸು 2,000, ಭಾಗಿಸು 7,000. 54 ಪಿಎಸ್. ಅದೇ 2,000ದಲ್ಲಿ ಪೆಟ್ರೋಲ್ ತನ್ನ 113 ಪೂರ್ತಿ ಕೊಡುವುದಿಲ್ಲ, 95 ಅಂತ ಇಟ್ಟುಕೊಳ್ಳಿ. ಬಂದದ್ದು 27 ಪಿಎಸ್. ಸರಿ ಅರ್ಧ. ನಿಮ್ಮ ಭಾವನಿಗೆ "ಪುಲ್ಲಿಂಗ್" ಅಂತ ಅನಿಸುವುದು ಇದೇ. ಅವರು ಟಾರ್ಕ್ ಅನ್ನುವುದು ನಿಜವಾಗಿ ಕಡಿಮೆ ಸುತ್ತಿನಲ್ಲಿ ಸಿಗುವ ಪವರ್.

ಪೆಟ್ರೋಲಿನ 83 ಸುಳ್ಳಲ್ಲ. ಅದು 6,000ದಲ್ಲಿ ಉಂಟು. ಆದರೆ ಬೋವಿಕ್ಕಾನದ ಏರಿನಲ್ಲಿ 6,000ಕ್ಕೆ ರೇಸ್ ಕೊಡುವವರು ಯಾರು? ಅಪ್ಪ ಹಿಂದಿನಿಂದ ಬೈಯುವುದಿಲ್ವಾ?

ಇನ್ನು ಏರಿಗೆ ಎಷ್ಟು ಪವರ್ ಬೇಕು ಅಂತ. ಒಂದು ಪಿಎಸ್ ಅಂದರೆ 75 ಕಿಲೋ ಭಾರವನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತುವ ಕೆಲಸ. ಐದು ಜನ, ಒಂದೆರಡು ಬ್ಯಾಗ್ ಸೇರಿ ಸ್ವಿಫ್ಟ್ 1,300 ಕಿಲೋ ಆಗುತ್ತದೆ ಅನ್ನಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಘಾಟಿ, ವೇಗ ಗಂಟೆಗೆ 30. ಗಾಡಿ ಸೆಕೆಂಡಿಗೆ 8.3 ಮೀಟರ್ ಮುಂದೆ, 0.83 ಮೀಟರ್ ಮೇಲೆ ಹೋಗುತ್ತದೆ. 1,300 ಗುಣಿಸು 0.83, ಭಾಗಿಸು 75. ಹದಿನಾಲ್ಕೂವರೆ ಪಿಎಸ್. ಟಯರಿನ ಎಳೆತ, ಎಸಿ ಎಲ್ಲ ಸೇರಿಸಿದರೂ 20ರ ಸುತ್ತಮುತ್ತ.

ಅಷ್ಟೇ ಬೇಕಾದದ್ದು. ಎರಡೂ ಗಾಡಿಯಲ್ಲಿ ಅದರ ಮೂರು ನಾಲ್ಕು ಪಟ್ಟು ಉಂಟು. ಮತ್ತೆ ಪೆಟ್ರೋಲ್ ಗಾಡಿ ಸಂಪಾಜೆಯಲ್ಲಿ ಯಾಕೆ ಒದ್ದಾಡುತ್ತದೆ? ಮೂರನೇ ಗೇರಿನಲ್ಲೇ ಹೋಗಬೇಕು ಅಂತ ಹಠ ಹಿಡಿದದ್ದಕ್ಕೆ. ಮೂರರಲ್ಲಿ 30ರ ವೇಗಕ್ಕೆ ಇಂಜಿನ್ 1,400 ಸುತ್ತು ತಿರುಗಿದರೆ ಹೆಚ್ಚು. ಅಲ್ಲಿ ಸಿಗುವುದೇ 17 ಪಿಎಸ್. ಎರಡಕ್ಕೆ ಹಾಕಿ, 2,100ಕ್ಕೆ ಏರಿ 28 ಸಿಗುತ್ತದೆ. ಗೇರ್ ಬದಲಿಸುವುದು ಅಂದರೆ ಇಂಜಿನ್ನನ್ನು ಪವರ್ ಇರುವ ಜಾಗಕ್ಕೆ ಕರೆದುಕೊಂಡು ಹೋಗುವುದು.

ಇನ್ನೊಂದು ವಿಷಯ. ಚಕ್ರಕ್ಕೆ ತಲುಪುವುದು 113 ಅಲ್ಲ, 190 ಅಲ್ಲ. ಮೊದಲ ಗೇರ್ ಮೂರೂವರೆ ಪಟ್ಟು, ಫೈನಲ್ ಡ್ರೈವ್ (ಚಕ್ರಕ್ಕೆ ಹೋಗುವ ಮುಂಚಿನ ಕೊನೆಯ ಗೇರ್) ನಾಲ್ಕು ಚಿಲ್ಲರೆ ಪಟ್ಟು ಅಂತಾದರೆ 113 ಹೋಗಿ 1,700 ಆಗುತ್ತದೆ. ಡೀಸೆಲ್ ಇಂಜಿನ್ ಹೆಚ್ಚು ಸುತ್ತು ತಿರುಗುವುದಿಲ್ಲ, ಹಾಗಾಗಿ ಅದಕ್ಕೆ ಸಾಮಾನ್ಯವಾಗಿ ಉದ್ದದ ಗೇರ್, ಅಂದರೆ ಟಾರ್ಕನ್ನು ಕಡಿಮೆ ಪಟ್ಟು ಹೆಚ್ಚಿಸುವ ಗೇರ್, ಕೊಡುತ್ತಾರೆ. ಪುಸ್ತಕದಲ್ಲಿ ಕಾಣುವ ವ್ಯತ್ಯಾಸದಲ್ಲಿ ಒಂದಷ್ಟು ಅಲ್ಲೇ ಕರಗಿತು. ಗೇರಿನ ಲೆಕ್ಕ ನೋಡದೆ ಇಂಜಿನ್ನಿನ ಟಾರ್ಕ್ ಮಾತ್ರ ಹೋಲಿಸುವುದು ನನ್ನ ಪ್ರಕಾರ ಸುಮ್ನೆ ಹರಟೆ.

ಪೆರ್ಲ ಪಿಕಪ್

ಮಾರಾಯ್ರೆ, ಲೆಕ್ಕ ಎಲ್ಲ ಸರಿ. ಆದರೆ ಓಡಿಸುವವನ ಕಾಲಿಗೆ ಲೆಕ್ಕ ಗೊತ್ತಿಲ್ಲ. ಮನೆಯ ಬೊಲೆರೊ 75 ಪಿಎಸ್, 210 ಟಾರ್ಕ್. ಅಡಿಕೆ ಚೀಲ ತುಂಬಿಸಿ ಪೆರ್ಲದಿಂದ ಅಡ್ಕಸ್ಥಳ ಕಡೆ ಹೋಗುವಾಗ ಗೇರ್ ಮುಟ್ಟುವ ಕೆಲಸವೇ ಕಡಿಮೆ. ತಮ್ಮನ ಪೆಟ್ರೋಲ್ ಕಾರಿನಲ್ಲಿ ಅದೇ ದಾರಿಗೆ ಎರಡು ಮೂರು, ಎರಡು ಮೂರು ಅಂತ ಕೈ ಬಿಡುವಿಲ್ಲ. ಪವರ್ ಹೆಚ್ಚು ಕಮ್ಮಿ ಒಂದೇ, ಸುಸ್ತು ಬೇರೆ. ಅದಕ್ಕೆ ಟಾರ್ಕ್ ಅಂತಲೇ ನಾವು ಹೇಳುವುದು.

ಮತ್ತೆ ಅಕ್ಕನಿಗೆ ಒಂದು ಮಾತು. ಸ್ವಿಫ್ಟ್ ಡೀಸೆಲ್ ಅಂತ ಹಾರಿ ಬೀಳಬೇಡಿ. ಅದರ ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಒತ್ತುವ ಫ್ಯಾನ್, ಎದ್ದೇಳುವುದು 1,800 ಆರ್‌ಪಿಎಂ ಹತ್ತಿರ. ಅದರ ಕೆಳಗೆ ಅದು ಸತ್ತ ಹಾಗೆ. ಹೇರ್‌ಪಿನ್ ತಿರುವಿನಲ್ಲಿ ಎದುರು ಬಸ್ಸು ಬಂತು, ನಿಧಾನ ಮಾಡಿದಿರಿ, ಎರಡರಲ್ಲೇ ಎಳೆಯುವ ಅಂತ ಕಾಲು ಒತ್ತಿದಿರಿ. ಗಾಡಿ ಯೋಚನೆ ಮಾಡಿಕೊಂಡು ನಿಲ್ಲುತ್ತದೆ. ಆಮೇಲೆ ಒಮ್ಮೆಲೇ ಹಾರುತ್ತದೆ. ಅಮ್ಮನಿಗೆ ವಾಂತಿ ಗ್ಯಾರಂಟಿ.

ಸ್ಪ್ಯಾನರ್ 14, ಚೆರ್ಕಳ

ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಿಮ್ಮ ಬೊಲೆರೊ 1,600ರಿಂದ 2,200ರ ತನಕ 210 ಕೊಡುತ್ತದೆ. ಆ "ತನಕ" ಮುಖ್ಯ. ತುದಿ ನಂಬರಿಗಿಂತ ಅದು ಎಷ್ಟು ಅಗಲ ಹಬ್ಬಿದೆ ಅನ್ನುವುದು ನೋಡಬೇಕು. ಕೈಗೆ ಕೆಲಸ ಕಡಿಮೆ ಆಗುವುದು ಅದರಿಂದ.

ಟರ್ಬೊದ ಮಾತೂ ಹೌದು. ಸಣ್ಣ ಡೀಸೆಲ್ ಇಂಜಿನ್ನಿಗೆ ಟರ್ಬೊ ಗಾಳಿ ಒತ್ತದಿದ್ದರೆ ಉಸಿರೇ ಇಲ್ಲ. ಆದರೆ ಮೇಲೆ ಹೋದಂತೆ ಅದೇ ಟರ್ಬೊ ಉಪಕಾರಕ್ಕೆ ಬರುತ್ತದೆ. ಮಡಿಕೇರಿ ಸಮುದ್ರದಿಂದ 1,100 ಮೀಟರಿಗಿಂತ ಮೇಲೆ ಉಂಟು, ಗಾಳಿ ತೆಳು. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಅಲ್ಲಿ ಹತ್ತಕ್ಕೆ ಒಂದು ಪಾಲು ಪವರ್ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದದ್ದು ಹೆಚ್ಚು ಕಡಿಮೆ ಸರಿದೂಗಿಸುತ್ತದೆ.

ಉಪ್ಪಳ ಟರ್ಬೊ

2019 ಯಾಕೆ ಅಕ್ಕಾ? ಮಾರುತಿಯವರು 2020ರ ಏಪ್ರಿಲಿನಿಂದ ಡೀಸೆಲ್ ಬಿಟ್ಟೇ ಬಿಟ್ಟರು. ಸ್ವಲ್ಪ ಹಣ ಸೇರಿಸಿ ಟರ್ಬೊ ಪೆಟ್ರೋಲ್ ನೋಡಿ. ವೆನ್ಯೂ ಒಂದು ಲೀಟರ್ ಟರ್ಬೊ 120 ಪಿಎಸ್, 172 ಟಾರ್ಕ್, ಅದೂ 1,500ರಿಂದ 4,000ದ ತನಕ. ಇಲ್ಲದಿದ್ದರೆ ಕರೆಂಟ್ ಗಾಡಿ. ಹಳೆಯ ನೆಕ್ಸಾನ್ ಇವಿಯಲ್ಲೇ 245 ಟಾರ್ಕ್, ನಿಂತಲ್ಲಿಂದಲೇ. ಗೇರ್ ಇಲ್ಲ, ಟರ್ಬೊದ ಹಾಗೆ ತಡ (ಲ್ಯಾಗ್) ಇಲ್ಲ.

ಸ್ಪ್ಯಾನರ್ 14, ಚೆರ್ಕಳ

ತಮ್ಮಾ, ನಿಂತಲ್ಲಿ 245 ಟಾರ್ಕ್ ಇರುವಾಗ ಅದರ ಪವರ್ ಎಷ್ಟು? ಆರ್‌ಪಿಎಂ ಸೊನ್ನೆ, ಹಾಗಾಗಿ ಪವರೂ ಸೊನ್ನೆ. ಗಾಡಿ ಹೊರಟ ಮೇಲೆ ಅದು ಏರುತ್ತದೆ, ಒಂದು ವೇಗದ ನಂತರ ಟಾರ್ಕ್ ಇಳಿಯುತ್ತಾ ಬರುತ್ತದೆ. ಗೇರ್ ಬೇಡದ್ದು ಯಾಕೆ ಅಂದರೆ ಮೋಟರ್ ಅಷ್ಟು ಅಗಲ ಕೆಲಸ ಮಾಡುತ್ತದೆ. ಒಳ್ಳೆಯ ಗಾಡಿಯೇ, ಬೇಡ ಅನ್ನುವುದಿಲ್ಲ. ಆದರೆ ಅಕ್ಕ ಕೇಳಿದ್ದು ಎರಡು ಸ್ವಿಫ್ಟಿನ ಬಗ್ಗೆ. ಅವರ ಕಿಸೆ ಅವರಿಗೆ ಗೊತ್ತು.

ಏರುದಾರಿ, ಮುಳ್ಳೇರಿಯ

ತುಂಬ ಥ್ಯಾಂಕ್ಸ್. 20 ಪಿಎಸ್ ಸಾಕು ಅಂತ ಅಪ್ಪನಿಗೆ ಹೇಳಿದರೆ ನಂಬಲೇ ಇಲ್ಲ, ಕಾಗದದಲ್ಲಿ ಬರೆದು ತೋರಿಸಿದೆ. ಆದರೆ ಮನೆಯ ಏರಿನ ವಿಷಯ ಯಾರೂ ಹೇಳಲಿಲ್ಲ. ಅದು ಘಾಟಿಗಿಂತ ಕಡಿದು. ನಾಲ್ಕು ಮೀಟರಿಗೆ ಒಂದು ಮೀಟರ್ ಇರಬಹುದು. ಮಳೆಗಾಲದಲ್ಲಿ ಟ್ಯಾಕ್ಸಿಯವರು ಅರ್ಧಕ್ಕೆ ಬಂದು ನಿಲ್ಲಿಸುತ್ತಾರೆ. ಚಕ್ರ ಗಿರ್ರನೆ ತಿರುಗುತ್ತದೆ, ಗಾಡಿ ಮಾತ್ರ ಮೇಲೆ ಹೋಗುವುದಿಲ್ಲ. ಇದಕ್ಕಾದರೂ ಟಾರ್ಕ್ ಜಾಸ್ತಿ ಬೇಕಲ್ಲ?

ಸ್ಪ್ಯಾನರ್ 14, ಚೆರ್ಕಳ

ಚಕ್ರ ತಿರುಗುತ್ತದೆ ಅಂದರೆ ಟಾರ್ಕ್ ಹೆಚ್ಚಾಗಿದೆ ಅಕ್ಕಾ, ಕಡಿಮೆ ಆಗಿಲ್ಲ! ಹಿಡಿತ ಇಲ್ಲ ಅಷ್ಟೇ. ಅಲ್ಲಿಗೆ ಡೀಸೆಲಿನ 190 ತಂದರೆ ಇನ್ನೂ ಜೋರಾಗಿ ಗಿರ್ರನ್ನುತ್ತದೆ.

ಲೆಕ್ಕ ನೋಡಿ. 1,300 ಕಿಲೋ ಗಾಡಿಗೆ ನಾಲ್ಕಕ್ಕೆ ಒಂದರ ಏರಿನಲ್ಲಿ ಬೇಕಾದ ತಳ್ಳುವ ಬಲ 320 ಕಿಲೋದಷ್ಟು. ಪೆಟ್ರೋಲ್ ಗಾಡಿ ಮೊದಲ ಗೇರಿನಲ್ಲಿ ರೇಸ್ ಇಟ್ಟುಕೊಂಡರೆ 500ಕ್ಕಿಂತ ಮೇಲೆ ಕೊಡುತ್ತದೆ. ಇಂಜಿನ್ನಿನ ಕಡೆ ಕೊರತೆ ಇಲ್ಲ. ಸ್ವಿಫ್ಟ್ ಎಳೆಯುವುದು ಮುಂದಿನ ಚಕ್ರದಿಂದ. ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ. ಹಿಂದಿನ ಸೀಟಿನಲ್ಲಿ ಮೂರು ಜನ ಕೂತರೆ ಮುಂದಿನ ಚಕ್ರ ಇನ್ನೂ ಹಗುರ. ಅದರ ಮೇಲೆ ಕಾಂಕ್ರೀಟಿನಲ್ಲಿ ಹಾವಸೆ (ಪಾಚಿ) ಬೆಳೆದಿದ್ದರೆ ಮುಗಿಯಿತು ಕಥೆ.

ಹಾಗಾಗಿ ಖರ್ಚು ಮಾಡುವುದಾದರೆ ದಾರಿಗೆ ಮಾಡಿ. ಮಳೆ ಶುರುವಾಗುವ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿಸಿ. ಮುಂದೆ ಕಾಂಕ್ರೀಟ್ ಹಾಕಿಸುವಾಗ ಹಸಿ ಇರುವಾಗಲೇ ಅಡ್ಡ ಗೀರು ಎಳೆಯಲಿಕ್ಕೆ ಹೇಳಿ, ನೀರು ಹರಿಯುವ ಹಾಗೆ ಸ್ವಲ್ಪ ಓರೆಯಾಗಿ. ಮುಂದಿನ ಎರಡು ಟಯರ್ ಒಳ್ಳೆಯದು ಇರಲಿ. ಕಾನೂನಿಗೆ ಟಯರಿನಲ್ಲಿ 1.6 ಮಿಲಿಮೀಟರ್ ಆಳದ ಗೀರು ಸಾಕು, ನಿಮ್ಮ ಏರಿಗೆ ಸಾಲದು. ಹತ್ತುವಾಗ ಕೆಳಗಿನಿಂದಲೇ ಒಂದನೇ ಗೇರಿನಲ್ಲಿ ಒಂದೇ ಹದದಲ್ಲಿ ಬನ್ನಿ. ಮಧ್ಯದಲ್ಲಿ ನಿಲ್ಲಿಸಿ ಹಾಫ್ ಕ್ಲಚ್‌ನಲ್ಲಿ ನೇತಾಡಿದರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಅಡುಗೆ ಮನೆಗೆ ಬರುತ್ತದೆ.

ತೀರಾ ಆಗದಿದ್ದರೆ ರಿವರ್ಸ್‌ನಲ್ಲಿ ಹತ್ತಿಸಿ. ತಮಾಷೆ ಅಲ್ಲ. ಆಗ ಎಳೆಯುವ ಚಕ್ರ ಇಳಿಜಾರಿನ ಕೆಳಗೆ ಬರುತ್ತದೆ, ಭಾರ ಅದರ ಮೇಲೇ ಬೀಳುತ್ತದೆ, ಹಿಡಿತ ಸಿಗುತ್ತದೆ. ರಿವರ್ಸ್ ಗೇರ್ ಕೂಡ ಒಂದನೇ ಗೇರಿನ ಹಾಗೆ ಬಲವಾದದ್ದೇ.

ಪೆರ್ಲ ಪಿಕಪ್

ರಿವರ್ಸ್‌ನಲ್ಲಿ ಹೋಗುವುದಾದರೆ ಒಬ್ಬರು ಹಿಂದೆ ನಿಂತು ದಾರಿ ತೋರಿಸಲಿ. ನಿಮ್ಮಲ್ಲಿ ಒಂದು ಕಡೆ ದರೆ ಉಂಟಲ್ಲ. ತಾಗಿದರೆ ದರೆಗೆ ಏನೂ ಆಗುವುದಿಲ್ಲ, ಬಂಪರಿಗೆ ಆಗ್ತದೆ.

ಏರುದಾರಿ, ಮುಳ್ಳೇರಿಯ

ಹಾಗಾದರೆ ಪೆಟ್ರೋಲ್ ಕಡೆಗೆ ಮನಸ್ಸು ಹೋಗ್ತಾ ಇದೆ. ಎನ್‌ಒಸಿಯ ಓಡಾಟವೂ ಇಲ್ಲ. ಭಾನುವಾರ ನೋಡಲಿಕ್ಕೆ ಹೋಗ್ತೇನೆ. ಓಡಿಸಿ ನೋಡುವಾಗ ಏನು ಗಮನಿಸಬೇಕು?

ಸ್ಪ್ಯಾನರ್ 14, ಚೆರ್ಕಳ

ಒಬ್ಬರೇ ಹೋಗಬೇಡಿ, ನಾಲ್ಕು ಜನ ಕೂತು ಎಸಿ ಹಾಕಿ ಓಡಿಸಿ. ಖಾಲಿ ಗಾಡಿ ಎಲ್ಲವೂ ಚೆನ್ನಾಗಿಯೇ ಎಳೆಯುತ್ತದೆ. ಏರಿನಲ್ಲಿ ಎರಡನೇ ಗೇರ್, 30ರ ವೇಗ, ಅಲ್ಲಿಂದ ನಿಧಾನಕ್ಕೆ ಆಕ್ಸಿಲರೇಟರ್ ಒತ್ತಿ. ತಡವರಿಸದೆ ಮೇಲೆ ಹೋಗಬೇಕು. ರೇಸ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ.

ಅದನ್ನು ಖಚಿತ ಮಾಡಲಿಕ್ಕೆ ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ಇಲ್ಲದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೂರನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ನಿಧಾನವಾಗಿ ಕ್ಲಚ್ ಬಿಡಿ. ಇಂಜಿನ್ ಆಫ್ ಆಗಬೇಕು. ಆಫ್ ಆಗದೆ ಆರಾಮವಾಗಿ ಓಡುತ್ತಾ ಇದ್ದರೆ ಪ್ಲೇಟ್ ತೇದಿದೆ. ಹೊಸ ಕ್ಲಚ್‌ನ ಖರ್ಚು ಬ್ರೋಕರ್ ಹೇಳಿದ ರೇಟಿನಿಂದ ಇಳಿಸಿಯೇ ಮಾತಾಡಿ.