ಎರಡು ಸ್ವಿಚ್‌ಗಳಿಗೆ ಜೋಡಿಸಿದ ಸರ್ವರ್‌ಗೆ ಯಾವ ಬಾಂಡಿಂಗ್ ಮೋಡ್ ಸೂಕ್ತ?

ಪ್ರಶ್ನೆ:
ನಮ್ಮ ಲಿನಕ್ಸ್ ಸರ್ವರ್‌ನಲ್ಲಿ 1 ಗಿಗಾಬಿಟ್‌ನ ಎರಡು ಪೋರ್ಟ್‌ಗಳಿದ್ದು, ಒಂದು ಸ್ವಿಚ್ ಕೆಟ್ಟರೂ ಸೇವೆ ನಿಲ್ಲಬಾರದೆಂದು ಅವುಗಳನ್ನು ಬೇರೆ ಬೇರೆ ಸ್ವಿಚ್‌ಗಳಿಗೆ ಜೋಡಿಸಿದ್ದೇನೆ. ಮೋಡ್ (ಪೋರ್ಟ್‌ಗಳನ್ನು ಬಳಸುವ ಕ್ರಮ) ಸೂಚಿಸದೆ ಬಾಂಡ್ (ಎರಡೂ ಪೋರ್ಟ್‌ಗಳನ್ನು ಒಂದೇ ಸಂಪರ್ಕದಂತೆ ಕೂಡಿಸುವ ವ್ಯವಸ್ಥೆ) ರಚಿಸಿ, ಪರೀಕ್ಷೆಗಾಗಿ ಒಂದು ಕೇಬಲ್ ಕಿತ್ತಾಗ ಸುಮಾರು ಅರ್ಧದಷ್ಟು ಪ್ಯಾಕೆಟ್‌ಗಳು ಕಳೆದುಹೋದವು. ಮೋಡ್ 4 ಬಳಸಬೇಕೇ?

ಉತ್ತರ 1:
ಮೋಡ್ ಸೂಚಿಸದಿದ್ದರೆ ಡ್ರೈವರ್ ಮೋಡ್ 0 ಅನ್ನು, ಅಂದರೆ ಪ್ಯಾಕೆಟ್‌ಗಳನ್ನು ಸರದಿಯಂತೆ ಎಲ್ಲ ಪೋರ್ಟ್‌ಗಳಿಗೂ ಹಂಚುವ ಕ್ರಮವನ್ನು ಆಯ್ದುಕೊಳ್ಳುತ್ತದೆ. ಹಳೆಯ ಕರ್ನೆಲ್‌ಗಳಲ್ಲಿ ಎಂಐಐಮಾನ್ (ಲಿಂಕ್ ಜೀವಂತವಿದೆಯೇ ಎಂದು ಎಷ್ಟು ಮಿಲಿಸೆಕೆಂಡಿಗೊಮ್ಮೆ ನೋಡಬೇಕೆಂಬ ಸೆಟ್ಟಿಂಗ್) ಮೌಲ್ಯವೂ 0 ಆಗಿರುವುದರಿಂದ ಲಿಂಕ್ ಪರಿಶೀಲನೆಯೇ ನಡೆಯದೆ, ಸತ್ತ ಪೋರ್ಟ್‌ಗೂ ಅದರ ಪಾಲು ಹೋಗುತ್ತಲೇ ಇರುತ್ತದೆ. ಮೋಡ್ 4 ಎಂದರೆ ಎಲ್‌ಎಸಿಪಿ, ಅಂದರೆ ಸರ್ವರ್ ಮತ್ತು ಸ್ವಿಚ್ ಪರಸ್ಪರ ಮಾತಾಡಿಕೊಂಡು ಹಲವು ಲಿಂಕ್‌ಗಳನ್ನು ಒಂದಾಗಿಸುವ ವಿಧಾನ. ಅದಕ್ಕೆ ಎರಡೂ ಕೇಬಲ್‌ಗಳು ಒಂದೇ ಸ್ವಿಚ್‌ಗೆ, ಇಲ್ಲವೇ ಸ್ಟ್ಯಾಕ್ ಆಗಿ ಒಂದೇ ಸ್ವಿಚ್‌ನಂತೆ ವರ್ತಿಸುವ ಜೋಡಿಗೆ ಹೋಗಬೇಕು. ನಿಮ್ಮ ಸ್ವಿಚ್‌ಗಳು ಸ್ವತಂತ್ರವಾಗಿದ್ದರೆ, ಒಂದು ಪೋರ್ಟ್ ದುಡಿಯುತ್ತ ಇನ್ನೊಂದು ಕಾದಿರುವ ಮೋಡ್ 1 ಅನ್ನೇ ಆರಿಸಿ, ಎಂಐಐಮಾನ್ 100 ಮಿಲಿಸೆಕೆಂಡ್ ಎಂದು ಸ್ಪಷ್ಟವಾಗಿ ಬರೆಯಿರಿ.

ಉತ್ತರ 2:
ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಎಂಐಐಮಾನ್ ಗಮನಿಸುವುದು ಸರ್ವರ್‌ನಿಂದ ಸ್ವಿಚ್‌ವರೆಗಿನ ಲಿಂಕನ್ನು ಮಾತ್ರ. ಸ್ವಿಚ್‌ನ ಅಪ್‌ಲಿಂಕ್ (ಅಲ್ಲಿಂದ ಮುಂದಿನ ಜಾಲಕ್ಕೆ ಹೋಗುವ ಸಂಪರ್ಕ) ಕಡಿದರೂ ನಿಮ್ಮ ಪೋರ್ಟ್ ಜೀವಂತವಾಗಿಯೇ ಕಾಣುವುದರಿಂದ ಬದಲಾವಣೆ ನಡೆಯುವುದಿಲ್ಲ. ಆ ಆತಂಕವಿದ್ದರೆ ಎಂಐಐಮಾನ್ ಬದಲು ಗೇಟ್‌ವೇ ವಿಳಾಸವನ್ನು ಗುರಿಯಾಗಿಟ್ಟು ಎಆರ್‌ಪಿ ಪರಿಶೀಲನೆ (ಆ ವಿಳಾಸಕ್ಕೆ ಆಗಾಗ ವಿನಂತಿ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವುದು) ಬಳಸಿ. ಎರಡನ್ನೂ ಒಟ್ಟಿಗೆ ಬಳಸುವಂತಿಲ್ಲ.

ಪ್ರಶ್ನೆ ಕೇಳಿದವರು:
ಮೋಡ್ 1ರಲ್ಲಿ ವೇಗ 1 ಗಿಗಾಬಿಟ್‌ಗೇ ಸೀಮಿತವಲ್ಲವೇ?

ಉತ್ತರ 1:
ಹೌದು. ಮೋಡ್ 4ರಲ್ಲಿಯೂ ಒಂದೇ ಟಿಸಿಪಿ ಸಂಪರ್ಕವು ಹ್ಯಾಶ್ ಲೆಕ್ಕದಂತೆ (ವಿಳಾಸಗಳ ಆಧಾರದ ಮೇಲೆ ಪೋರ್ಟ್ ಆರಿಸುವ ಲೆಕ್ಕ) ಒಂದೇ ಪೋರ್ಟ್‌ನಲ್ಲಿ ಸಾಗುವುದರಿಂದ, ಅದಕ್ಕೂ ಮಿತಿ ಅಷ್ಟೇ.