ಪದಚರ್ಚೆ: ರೇಡಿಯೋದ ತಿರುಪು ‘ಸಿಕ್ಕಿಕೊಂಡಿದೆ’ಯೋ, ‘ಕಚ್ಚಿಕೊಂಡಿದೆ’ಯೋ?

ಮಾನ್ಯರೇ,

ನಮ್ಮ ಊರಿನ ವಾಚನಾಲಯದಲ್ಲಿ ಇದೇ ಶನಿವಾರ ಹಳೆಯ ವಾಲ್ವ್ ರೇಡಿಯೋಗಳ ಚಿಕ್ಕ ಪ್ರದರ್ಶನವಿದೆ. ಅವುಗಳಲ್ಲೊಂದರ ಸ್ಟೇಷನ್ ಹಿಡಿಯುವ ತಿರುಪು ಅಲುಗುವುದಿಲ್ಲ. ಮುಳ್ಳು 490 ಮೀಟರಿನ ಗುರುತಿನ ಬಳಿ, ಅಂದರೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಬರುವ ಜಾಗದಲ್ಲಿಯೇ ನಿಂತುಬಿಟ್ಟಿದೆ. ನೋಡಲು ಬಂದವರು ಬಲವಂತವಾಗಿ ತಿರುಗಿಸದಿರಲೆಂದು ಒಂದು ಫಲಕ ಬರೆಸಬೇಕಾಗಿದೆ. ದುರಸ್ತಿಯನ್ನು ಕುರಿತ ಇಂಗ್ಲಿಷಿನ ಒಂದು ಪುಟದ ಟಿಪ್ಪಣಿಯನ್ನೂ ಕನ್ನಡಿಸಬೇಕಾಗಿದೆ. ಆ ಟಿಪ್ಪಣಿಯಲ್ಲಿ ದೋಷಕ್ಕೆ ಉದ್ದಕ್ಕೂ ‘ಸ್ಟಕ್’ ಎಂಬ ಒಂದೇ ಪದವಿದೆ. ನಾನು ‘ಸಿಕ್ಕಿಕೊಂಡಿದೆ’ ಎಂದು ಬರೆದೆ. ಫಲಕ ಬರೆಯುವವರು ‘ಜಾಮ್ ಆಗಿದೆ’ ಎನ್ನುತ್ತಾರೆ. ನಮ್ಮ ತಂದೆಯವರು ‘ಕಚ್ಚಿಕೊಂಡಿದೆ’ ಎನ್ನುತ್ತಾರೆ. ಯಾವುದು ಸರಿ? ‘ಟ್ಯೂನಿಂಗ್’ ಎಂಬುದಕ್ಕೆ ಏನೆನ್ನಲಿ? ನಾಳೆ ಸಂಜೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

*

‘ಜಾಮ್’ ಬೇಡ, ‘ಟ್ಯೂನಿಂಗ್’ ಕೂಡ ಬೇಡ. ‘ಶ್ರುತಿಸ್ತಂಭನ’ ಎಂದು ಬರೆಯಿರಿ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಖಾಸಗಿ ರೇಡಿಯೋ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೇ ಸಲ್ಲುವಂತಾದ ಮೇಲೆ, ಪದ ಕಟ್ಟಲು ನಾವು ಅಂಜಬೇಕಾಗಿಲ್ಲ.

*

ಮಾನ್ಯರೇ,

‘ಶ್ರುತಿಸ್ತಂಭನ’ವನ್ನು ಒಪ್ಪಲಾಗದು. ‘ಆಕಾಶವಾಣಿ’ ಒಂದು ಕೇಂದ್ರದ ಹೆಸರು. ಇಲ್ಲಿ ಬೇಕಾಗಿರುವುದು ಕೆಟ್ಟುಹೋದ ಯಂತ್ರದ ಸ್ಥಿತಿಯನ್ನು ಹೇಳುವ ಕ್ರಿಯಾಪದ. ‘ಶ್ರುತಿ’ಯ ಬಗ್ಗೆ ನನ್ನ ತಕರಾರಿಲ್ಲ. ವೀಣೆಯ ಬಿರಡೆ ತಿರುಗಿಸಿದಾಗ ತಂತಿಯ ಬಿಗಿ ಬದಲಾಗಿ ಅದರ ಕಂಪನ ಬದಲಾಗುವಂತೆ, ರೇಡಿಯೋದಲ್ಲಿ ಗ್ಯಾಂಗ್ ಕಂಡೆನ್ಸರಿನ ತಗಡುಗಳು ಒಂದರೊಳಗೊಂದು ಸರಿದಾಗ ವಿದ್ಯುನ್ಮಂಡಲದ ಅನುರಣನದ ಆವರ್ತನ ಬದಲಾಗುತ್ತದೆ. ಹೋಲಿಕೆ ಭೌತಶಾಸ್ತ್ರಕ್ಕೂ ಒಪ್ಪುತ್ತದೆ. ಆದರೆ ರೇಡಿಯೋವನ್ನು ಶ್ರುತಿ ಮಾಡಿದೆನೆಂದು ನಮ್ಮ ಮನೆಗಳಲ್ಲಿ ಯಾರೂ ಹೇಳಲಿಲ್ಲ, ಎಲ್ಲರೂ ಸ್ಟೇಷನ್ ಹಿಡಿದರು. ಆದ್ದರಿಂದ ‘ಸ್ಟೇಷನ್ ತಿರುಪು’ ಎಂದು ಬರೆದರೆ ಸಾಕು.

ಕ್ರಿಯಾಪದದ ವಿಷಯದಲ್ಲಿ ಮಾತ್ರ ದಯವಿಟ್ಟು ಆತುರಪಡಬೇಡಿ, ಏಕೆಂದರೆ ಇಂಗ್ಲಿಷಿನ ಆ ಒಂದು ಪದ ಮುಚ್ಚಿಟ್ಟಿರುವ ಬೇರೆಬೇರೆ ದೋಷಗಳನ್ನು ಕನ್ನಡ ಬಿಡಿಸಿ ಹೇಳುತ್ತದೆ. ಗ್ರೀಸು ಒಣಗಿ ಗಟ್ಟಿಯಾಗಿ ಲೋಹ ಲೋಹವನ್ನು ಬಿಡದಿದ್ದರೆ ಅದು ಕಚ್ಚಿಕೊಂಡಿದೆ. ತಿರುಪಿನ ಓಟವನ್ನು ಮುಳ್ಳಿಗೆ ಮುಟ್ಟಿಸುವ ಡಯಲಿನ ದಾರ ರಾಟೆಯಿಂದ ಹೊರಬಿದ್ದು ಸಂದಿಯಲ್ಲಿ ಸೇರಿದ್ದರೆ ಸಿಕ್ಕಿಕೊಂಡಿದೆ. ತಿರುಪು ಸುತ್ತುತ್ತಿದ್ದರೂ ಮುಳ್ಳು ಕದಲದಿದ್ದರೆ ದಾರ ಜಾರುತ್ತಿದೆ. ಮೊದಲನೆಯದಕ್ಕೆ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಹಳೆಯ ಗ್ರೀಸನ್ನು ಕರಗಿಸಿ ಒರೆಸಿ ಒಂದು ಹನಿ ತೆಳು ಎಣ್ಣೆ ಬಿಡಬೇಕು. ಕೊನೆಯದಕ್ಕೆ ಎಣ್ಣೆಯೇ ಶತ್ರು, ಅದಕ್ಕೆ ಡ್ರಮ್ಮಿನೊಳಗಿನ, ಅಂದರೆ ದಾರ ಸುತ್ತಿಕೊಂಡು ಗ್ಯಾಂಗನ್ನು ತಿರುಗಿಸುವ ದೊಡ್ಡ ಚಕ್ರದೊಳಗಿನ, ಸ್ಪ್ರಿಂಗನ್ನು ಬಿಗಿಗೊಳಿಸಿ, ಪಿಟೀಲಿನ ಕಮಾನಿಗೆ ಹಚ್ಚುವಂಥ ರಾಳವನ್ನು ದಾರಕ್ಕೆ ತೀಡಬೇಕು. ಎಲ್ಲಕ್ಕೂ ‘ಜಾಮ್’ ಎಂದು ಬರೆದ ಟಿಪ್ಪಣಿಯನ್ನು ನಂಬಿ ಯಾರಾದರೂ ಜಾರುವ ದಾರಕ್ಕೆ ಎಣ್ಣೆ ಹಾಕಿದರೆ ಅದರ ಹೊಣೆ ಅನುವಾದಕರದೇ.

ನಿಮ್ಮ ಪೆಟ್ಟಿಗೆಯಲ್ಲಿ ಯಾವುದು ಎಂದು ತಿಳಿಯಲು, ವಿದ್ಯುತ್ತಿನ ಪ್ಲಗ್ ಕಿತ್ತು, ಕಂಡೆನ್ಸರುಗಳಲ್ಲಿ ಉಳಿದ ವಿದ್ಯುತ್ತನ್ನು ತಿಳಿದವರಿಂದ ಇಳಿಸಿದ ಮೇಲೆ, ದಾರವನ್ನು ಸಡಿಲಿಸಿ ಡ್ರಮ್ಮನ್ನು ಕೈಯಿಂದ ಮೆಲ್ಲಗೆ ತಿರುಗಿಸಿರಿ. ಅದು ಸರಾಗವಾಗಿ ತಿರುಗಿದರೆ ಗ್ಯಾಂಗ್ ಸರಿಯಿದೆ, ಕಚ್ಚಿರುವುದು ಕದಿರು, ಅಂದರೆ ತಿರುಪು ಕೂತಿರುವ ಚಿಕ್ಕ ಸರಳು.

‘ಸ್ಪಿಂಡಲ್’ ಎನ್ನದೆ ಕದಿರು ಎಂದೇ ಬರೆಯಬೇಕೆಂಬುದು ನನ್ನ ಹಟ. ನೂಲುವ ರಾಟೆಯಲ್ಲಿ ದೊಡ್ಡ ಚಕ್ರ ಹುರಿಯ ಮೂಲಕ ಚಿಕ್ಕ ಕದಿರನ್ನು ವೇಗವಾಗಿ ತಿರುಗಿಸುತ್ತದೆ. ರೇಡಿಯೋದಲ್ಲಿ ಚಿಕ್ಕ ಕದಿರು ದಾರದ ಮೂಲಕ ದೊಡ್ಡ ಡ್ರಮ್ಮನ್ನು ನಿಧಾನವಾಗಿ ತಿರುಗಿಸುತ್ತದೆ. ಅದೇ ಯಂತ್ರ, ಓಟ ಮಾತ್ರ ತಿರುಗುಮುರುಗು. ತಮಿಳಿನ ‘ಕದಿರ್’ ಜೊತೆಗಿರುವ ಇಂಥ ಅಚ್ಚ ದ್ರಾವಿಡ ಪದವನ್ನು ಬಿಟ್ಟು ಎರವಲು ತರುವುದು ನ್ಯಾಯವಲ್ಲ.

*

ಎರವಲು ನ್ಯಾಯವಲ್ಲವೆಂದರೆ ‘ರಾಟೆ’ಯನ್ನೂ ಬಿಡಿ. ಸಂಸ್ಕೃತದ ‘ಅರಘಟ್ಟ’ ಪ್ರಾಕೃತದಲ್ಲಿ ‘ರಹಟ್ಟ’ವಾಗಿ ನಮ್ಮಲ್ಲಿಗೆ ಬಂದದ್ದು ಅದು, ಮೊದಲಿಗೆ ನೀರೆತ್ತುವ ಚಕ್ರ. ಸಂಸ್ಕೃತದ್ದು ಸವೆದು ಬಂದರೆ ನಿಮಗೆ ಕನ್ನಡ, ಸವೆಯದೆ ಬಂದರೆ ಕೃತಕ. ಇದು ತತ್ತ್ವವಲ್ಲ.

*

ತತ್ತ್ವವೇ. ‘ರಾಟೆ’ ನಮ್ಮ ಬಾವಿಕಟ್ಟೆಗಳಲ್ಲಿ ತಲೆಮಾರುಗಳ ಕಾಲ ಉರುಳಿ ಸವೆದಿದೆ, ‘ಶ್ರುತಿಸ್ತಂಭನ’ ನಿನ್ನೆ ಮಧ್ಯಾಹ್ನ ಹುಟ್ಟಿತು. ಅದೇ ನ್ಯಾಯದಿಂದ ‘ಸ್ಟೇಷನ್’, ‘ಗ್ಯಾಂಗ್’ ಎರಡನ್ನೂ ನಾನು ಮುಟ್ಟಲಿಲ್ಲ. ‘ಸ್ಪಿಂಡಲ್’ ಇನ್ನೂ ಅಂಗಡಿಯ ಮಾತು, ಮನೆಯ ಮಾತಾಗಿಲ್ಲ.

*

ಇಬ್ಬರಿಗೂ ವಂದನೆಗಳು. ದಾರ ಸಡಿಲಿಸಿ ನೋಡಿದೆವು. ಡ್ರಮ್ ಸರಾಗವಾಗಿ ತಿರುಗಿತು, ಕದಿರು ಅಲುಗಲಿಲ್ಲ. ಫಲಕಕ್ಕೆ ಹೀಗೆ ಬರೆದುಕೊಟ್ಟಿದ್ದೇನೆ: ‘ಸ್ಟೇಷನ್ ತಿರುಪು ಕಚ್ಚಿಕೊಂಡಿದೆ. ದಯವಿಟ್ಟು ತಿರುಗಿಸಬೇಡಿ, ದಾರ ಹರಿಯುತ್ತದೆ.’ ಟಿಪ್ಪಣಿಯಲ್ಲಿ ‘ಸ್ಟಕ್’ ಬಂದ ಕಡೆಯೆಲ್ಲ ಯಾವ ದೋಷವೆಂದು ನೋಡಿ ಮೂರು ಕ್ರಿಯಾಪದಗಳಾಗಿ ಬಿಡಿಸುತ್ತಿದ್ದೇನೆ. ‘ಕದಿರು’ ಉಳಿಸಿಕೊಂಡಿದ್ದೇನೆ, ಓದುವ ಮಕ್ಕಳಿಗೆ ತಿಳಿಯಲೆಂದು ಅದರ ಪಕ್ಕದಲ್ಲಿ ಚಿತ್ರವೊಂದನ್ನು ಬರೆಸುತ್ತೇನೆ.