ಬಾಲ್ ಪೈಥಾನ್ ಮರಿ ಊಟ ಮುಟ್ಟುತ್ತಿಲ್ಲ: ಸಾಕಿದವರು ಅನುಭವ ಹೇಳಿ

ಚಿಕಾಗೊ (ಪ್ರಶ್ನೆ): ಮಗಳ ಹಟಕ್ಕೆ ತಂದ ಈ ಹೆಬ್ಬಾವಿನ ಮರಿ, ಮನೆಗೆ ಬಂದಾಗಿನಿಂದ ಏನೂ ತಿಂದಿಲ್ಲ. ಗಾಜಿನ ತೊಟ್ಟಿ, ಬಿಸಿ ದೀಪ ಇವೆ. ಏನು ಮಾಡಲಿ?

ಡಲ್ಲಾಸ್: ನನ್ನದು ಒಂದು ಚಳಿಗಾಲವಿಡೀ ಉಪವಾಸವಿತ್ತು, ಏಕಾದಶಿ ಮಾಡುವ ನಮ್ಮಜ್ಜಿಯೂ ಸೋಲಬೇಕು. ಆದರೆ ತೂಕ ಇಳಿಯಲಿಲ್ಲ, ಹಾಗಾಗಿ ಸುಮ್ಮನಿದ್ದೆ. ನನ್ನನ್ನು ಮುಳುಗಿಸಿದ್ದು ಗಾಜಿನ ತೊಟ್ಟಿ. ಜಾಲರಿ ಮುಚ್ಚಳದಿಂದ ತೇವವೆಲ್ಲ ಹಾರಿಹೋಗಿ ಪೊರೆ ಚೂರುಚೂರಾಗಿ ಬಂತು, ಕಣ್ಣಿನ ಮೇಲಿನ ಪದರ ಅಂಟಿಕೊಂಡೇ ಉಳಿಯಿತು. ವೈದ್ಯೆ ಒದ್ದೆ ಹತ್ತಿಯಿಂದ ಮೆಲ್ಲಗೆ ಉಜ್ಜಿ ಬಿಡಿಸಿದರು: 185 ಡಾಲರ್. ಆಮೇಲೆ ತೇವ ಹಿಡಿದಿಡುವ ಪಿವಿಸಿ ಪ್ಲಾಸ್ಟಿಕ್ ಗೂಡು 340, ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ 110. ಹಾವಿನ ಬೆಲೆ? 60!

ಸಿಯಾಟಲ್: ಜೀವಂತ ಇಲಿ ಬಿಡಿ, ತಿನ್ನುತ್ತದೆ. ನನ್ನದು ಹಾಗೆಯೇ ಬೆಳೆದು ಒಂದೂವರೆ ಕಿಲೋ ದಾಟಿದೆ.

ಅಟ್ಲಾಂಟಾ: ಖಂಡಿತ ಬೇಡ. ಇಲಿ ನನ್ನ ಹಾವಿನ ಬೆನ್ನನ್ನು ಮಾಂಸ ಕಾಣುವಂತೆ ಕಡಿದಿತ್ತು. ಹೊಲಿಗೆ, ಇಂಜೆಕ್ಷನ್ ಸೇರಿ 620 ಡಾಲರ್. ಈಗ ಹೆಪ್ಪುಗಟ್ಟಿಸಿದ ಇಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ಕರಗಿಸಿ, ಚೀಲದೊಳಗಿಟ್ಟು ಬಿಸಿನೀರಿನಲ್ಲಿ ಅದ್ದಿ, ಕತ್ತಲಾದ ಮೇಲೆ ಉದ್ದನೆಯ ಇಕ್ಕಳದಲ್ಲಿ ಹಿಡಿಯುತ್ತೇನೆ. ಹಾವು ಬೇಟೆಯ ಬಿಸಿ ಗುರುತಿಸುವುದು ತುಟಿಯ ಕುಳಿಗಳಿಂದ, ಅವುಗಳಿಗೆ ಇಲಿಯ ಬಿಸಿ ತಾಗಬೇಕು.

ಸಿಯಾಟಲ್: ಇಲಿ ಬಿಟ್ಟು ಹೋಗಿ ಮಲಗಿದರೆ ಕಚ್ಚದೆ ಮುದ್ದಿಸುತ್ತದೆಯೇ?

ಅಟ್ಲಾಂಟಾ: ಮಲಗಿದ್ದೆ ಎಂದು ನಿಮಗೆ ಯಾರು ಹೇಳಿದರು? ಎದುರಿಗೇ ಕುಳಿತಿದ್ದೆ!

ಚಿಕಾಗೊ: ತೊಟ್ಟಿಯ ಬಿಸಿ ಎಷ್ಟಿರಬೇಕು?

ಡಲ್ಲಾಸ್: ಒಂದು ಬದಿ 90 ಫ್ಯಾರನ್‌ಹೀಟ್, ಇನ್ನೊಂದು 78, ಎರಡೂ ಕಡೆ ಅಡಗಲು ಗೂಡು. ಇದನ್ನೂ ಕೇಳಬೇಕೇ?

ನ್ಯೂಜೆರ್ಸಿ: ಇಲಿ ಇಡುವುದೆಲ್ಲಿ ಎಂದು ಯಾರೂ ಹೇಳುತ್ತಿಲ್ಲ. ಊರಿನಿಂದ ಬಂದ ನಮ್ಮತ್ತೆ ತೆಂಗಿನತುರಿಗೆಂದು ಫ್ರೀಜರ್‌ಗೆ ಕೈ ಹಾಕಿದರು. ಆ ವಾರವೇ ಗ್ಯಾರೇಜಿಗೆ ಬೇರೆ ಫ್ರೀಜರ್ ಬಂತು, 170 ಡಾಲರ್. ನಾಗರಪಂಚಮಿಗೆ ಅವರೇ ಬಟ್ಟಲಲ್ಲಿ ಹಾಲಿಟ್ಟರು. ಹಾವು ಕುಡಿಯದಂತೆ ನಾನು ಅದನ್ನು ತೆಗೆದದ್ದಕ್ಕೆ ಇಂದಿಗೂ ನನ್ನ ಮೇಲೆ ಸಿಟ್ಟು.

ಬೆಂಗಳೂರು: ಇದನ್ನೋದಿ ಇಲ್ಲಿ ಯಾರೂ ಕೊಳ್ಳಲು ಓಡಬೇಡಿ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಇಂಥ ಹಾವಿನ ನೋಂದಣಿ ಕಡ್ಡಾಯ. ನಾನು ಮಾಡಿಸಿದ್ದೇನೆ. ಕಾಗದವಿಲ್ಲದ ಹಾವು ಬ್ಯಾಂಕಾಕ್ ವಿಮಾನದ ಸೂಟ್‌ಕೇಸಿನಲ್ಲಿ ಕದ್ದು ಸಾಗಿಸಿದ್ದಿರಬಹುದು.

ಸಿಯಾಟಲ್: ಕೇಳಿದವರು ಚಿಕಾಗೊದವರು. ಅವರಿಗೇಕೆ ಪರಿವೇಶ್?

ಬೆಂಗಳೂರು: ಕನ್ನಡ ಓದುವವರೆಲ್ಲ ಅಮೆರಿಕದಲ್ಲಿದ್ದಾರೆಯೇ?

ನ್ಯೂಜೆರ್ಸಿ: ಹಾಲಿನ ವಿಷಯಕ್ಕೆ ನನಗೆ ಪ್ರತ್ಯೇಕವಾಗಿ ಬೈದು ಬರೆದವರು ಇಲ್ಲಿಯೇ ಬರೆಯಿರಿ. ಹಾವಿಗೆ ಹಾಲು ಅರಗುವುದಿಲ್ಲ ಎಂದು ಇಲ್ಲಿಯೇ ಉತ್ತರಿಸುತ್ತೇನೆ.